ಒಂದೇ ದಿನ, ದುಬೈ, ಜೊತೆಗೆ ಮಂಡಿನೋವಿನ ಮಾವ

ಶಿವಮೊಗ್ಗದ ಸೊಸೆ:

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಮೈದುನನ ಮನೆಗೆಂದು ಶಾರ್ಜಾಕ್ಕೆ ಬರುತ್ತಿದ್ದೇವೆ. ಅವನಿಗೆ ರಜೆ ಸಿಗುವುದಿಲ್ಲ. ದುಬೈ ಸುತ್ತಲು ನಮಗೆ ಇರುವುದು ಒಂದೇ ಒಂದು ಶುಕ್ರವಾರ.

ಐದು ಜನ ಇದ್ದೇವೆ. ನಾನು, ನಮ್ಮ ಮನೆಯವರು, ಏಳು ವರ್ಷದ ಮಗ, ಅತ್ತೆ, ಮಾವ. ಮಾವನಿಗೆ 71. ಬಸ್ ಕಂಡಕ್ಟರ್ ಆಗಿದ್ದವರು, ನಿಂತು ನಿಂತೇ ಮಂಡಿ ಹಾಳಾಗಿದೆ. ಹದಿನೈದು ನಿಮಿಷ ನಡೆದರೆ ಕೂರಲೇಬೇಕು. ಆದರೆ ಆಗುವುದಿಲ್ಲ ಎಂದು ಬಾಯಿ ಬಿಟ್ಟು ಹೇಳುವ ಪೈಕಿ ಅಲ್ಲ. ಅದೇ ಕಷ್ಟ. ಅತ್ತೆಗೆ ಶುದ್ಧ ಸಸ್ಯಾಹಾರಿ ಹೋಟೆಲೇ ಆಗಬೇಕು.

ಒಂದು ಟೂರ್‌ನವರು ಪಟ್ಟಿ ಕಳಿಸಿದ್ದಾರೆ. ಬೆಳಗ್ಗೆ ಎಂಟಕ್ಕೆ ವ್ಯಾನ್. ಜುಮೈರಾ ಬೀಚ್, ಬುರ್ಜ್ ಅಲ್ ಅರಬ್ ಹೊರಗಿನಿಂದ, ಪಾಮ್, ಅಟ್ಲಾಂಟಿಸ್ ಹೊರಗಿನಿಂದ, ಫ್ರೇಮ್, ಚಿನ್ನದ ಮಾರುಕಟ್ಟೆ, ಮಾಲ್, ಬುರ್ಜ್ ಖಲೀಫಾ, ರಾತ್ರಿ ದೋಣಿಯಲ್ಲಿ ಊಟ. ಓದುವಾಗಲೇ ನನಗೆ ಸುಸ್ತಾಯಿತು. ಇದು ಆಗುವ ಮಾತಾ? ಬುರ್ಜ್ ಖಲೀಫಾ ಹತ್ತದೆ ಬಂದರೆ ನಷ್ಟವಾ? ಮಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅದರ ಚಿತ್ರ ಬರೆದುಕೊಂಡು ಮಹಡಿಗೊಂದು ಗೆರೆ ಹಾಕುತ್ತಿದ್ದಾನೆ. ಇನ್ನೂ 163 ಆಗಿಲ್ಲವಂತೆ.

ಹಳೇ ಕರಾಮ:

ಅಕ್ಕ, ಮೊದಲು ಆ ವ್ಯಾನ್ ಬಿಡಿ. "ಹೊರಗಿನಿಂದ" ಅಂದರೆ ಏನು ಗೊತ್ತಾ? ಇಳಿ, ಫೋಟೋ ತೆಗಿ, ಹತ್ತು. ಮಂಡಿನೋವಿನವರಿಗೆ ನಡೆಯುವುದಕ್ಕಿಂತ ಹತ್ತಿ ಇಳಿಯುವುದೇ ಜಾಸ್ತಿ ಕಷ್ಟ. ನಾನು ಇಲ್ಲಿಗೆ ಬಂದು 19 ವರ್ಷ ಆಯಿತು. ಊರಿಂದ ಬಂದವರನ್ನು ಸುತ್ತಿಸುವುದು ನನಗೆ ಸಂಬಳ ಇಲ್ಲದ ಎರಡನೇ ಕೆಲಸ. ನನ್ನ ಅಪ್ಪನನ್ನೂ ಹೀಗೇ ಒಂಬತ್ತು ಜಾಗ ಸುತ್ತಿಸಿದ್ದೆ. ಊರಿಗೆ ಹೋಗಿ ಅವರು ಎಲ್ಲರ ಹತ್ತಿರ ಹೇಳಿದ್ದು ಒಂದನ್ನೇ, ಒಂದು ದಿರ್ಹಂ ಕೊಟ್ಟು ದಾಟಿದ ದೋಣಿಯನ್ನು.

ಅದರಿಂದಲೇ ಶುರು ಮಾಡಿ. ಶಾರ್ಜಾಕ್ಕೆ ಮೆಟ್ರೋ ಇಲ್ಲ. ಬಸ್ಸಿನಲ್ಲಿ ದುಬೈನ ಯೂನಿಯನ್ ಸ್ಟೇಷನ್‌ಗೆ ಬನ್ನಿ, ಅಲ್ಲಿಂದ ಹಸಿರು ಲೈನ್ ಹಿಡಿದು ಅಲ್ ರಾಸ್‌ನಲ್ಲಿ ಇಳಿಯಿರಿ. ಬಸ್ಸಿಗೂ ಮೆಟ್ರೋಗೂ ಒತ್ತುವ ನೋಲ್ ಕಾರ್ಡ್ ಮಗನಿಗೂ ಸೇರಿ ತಲೆಗೊಂದು ಬೇಕು. ಒಂದೇ ಕಾರ್ಡನ್ನು ಐದು ಸಲ ಒತ್ತಲು ಬರುವುದಿಲ್ಲ. ಮೆಟ್ರೋ ಓಡಿಸಲು ಡ್ರೈವರ್ ಇಲ್ಲ, 2009ರಲ್ಲಿ ಶುರುವಾದಾಗಿನಿಂದಲೂ ಹಾಗೇ. ತುದಿಯ ಡಬ್ಬಿಯ ಗಾಜಿನ ಹತ್ತಿರ ಮಗನನ್ನು ನಿಲ್ಲಿಸಿ, ಹಳಿ ಕಾಣುತ್ತದೆ.

ಅಲ್ ರಾಸ್‌ನಿಂದ ಮಸಾಲೆ ಮಾರುಕಟ್ಟೆ ಹತ್ತಿರ. ಕೇಸರಿ, ಒಣಗಿದ ನಿಂಬೆ, ಸಾಂಬ್ರಾಣಿ ಎಲ್ಲ ಗೋಣಿಚೀಲದಲ್ಲಿ ಬಾಯಿ ತೆರೆದುಕೊಂಡು ಕೂತಿರುತ್ತವೆ. ಅತ್ತೆಯವರು ಅಲ್ಲೇ ಒಂದು ಗಂಟೆ ಕಳೆಯುತ್ತಾರೆ, ಕಳೆಯಲಿ ಬಿಡಿ. ಚಿನ್ನದ ಮಾರುಕಟ್ಟೆಯೂ ಪಕ್ಕದಲ್ಲೇ. ಹತ್ತು ಗಂಟೆಗೆಲ್ಲ ಅಲ್ಲಿರಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕುತ್ತವೆ.

ಆಮೇಲೆ ದೋಣಿ. ಇಲ್ಲಿ ಅಬ್ರಾ ಅನ್ನುತ್ತಾರೆ. ಮರದ ದೋಣಿ, ನಡುವೆ ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಬೆಂಚು, 20 ಜನ ಹಿಡಿಸುತ್ತಾರೆ. ಊರಿನೊಳಗೆ ನುಗ್ಗಿರುವ ಸಮುದ್ರದ ಕವಲಿಗೆ ಕ್ರೀಕ್ ಅನ್ನುತ್ತಾರೆ, ಅದರ ಈ ದಡ ದೇರಾ, ಆ ದಡ ಬರ್ ದುಬೈ. ದಾಟಲು ಐದಾರು ನಿಮಿಷ. ಕೈಯಲ್ಲಿ ಚಿಲ್ಲರೆ ಇಟ್ಟುಕೊಳ್ಳಿ. ಹತ್ತುವಾಗ ದೋಣಿ ಅಲ್ಲಾಡುತ್ತದೆ, ಮಾವನ ಕೈ ಹಿಡಿದುಕೊಳ್ಳಿ. ಬೇಡ ಅನ್ನುತ್ತಾರೆ, ಆದರೂ ಹಿಡಿದುಕೊಳ್ಳಿ.

ದಾಟುವಾಗ ಮಾವನಿಗೆ ಇದನ್ನೊಂದು ಹೇಳಿ. 1966ರವರೆಗೆ ಈ ನೀರಿನ ಎರಡೂ ದಡದಲ್ಲಿ ನಡೆಯುತ್ತಿದ್ದದ್ದು ರೂಪಾಯಿ. ಮೊದಲು ನಮ್ಮದೇ ರೂಪಾಯಿ. 1959ರಿಂದ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. ದುಬೈಯಲ್ಲಿ ಎಣ್ಣೆ ಸಿಕ್ಕಿದ್ದೂ 1966ರಲ್ಲೇ. ಕಂಡಕ್ಟರ್ ಆಗಿದ್ದವರಿಗೆ ನೋಟಿನ ಕಥೆ ಹಿಡಿಸುತ್ತದೆ.

ಆ ದಡದಲ್ಲಿ ಅಲ್ ಫಹೀದಿ ಇದೆ, ಹಳೆಯ ವ್ಯಾಪಾರಿಗಳ ಕೇರಿ. ಮನೆಗಳ ಮೇಲೆ ಚೌಕದ ಗೋಪುರಗಳು, ಬರ್ಜೀಲ್. ಮೇಲಿನ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತವೆ. ಕರೆಂಟಿಲ್ಲದ ಕಾಲದ ಏಸಿ ಅನ್ನಿ. ನೆರಳಿನ ಓಣಿಗಳು, ಕೂರಲು ಜಾಗ ಇದೆ. ಇನ್ನೊಂದು ವಿಷಯ, ಕ್ರೀಕ್ ಪಕ್ಕದ ಹಳೆಯ ಶಿವ ದೇವಸ್ಥಾನ 2024ರ ಜನವರಿಯಲ್ಲಿ ಜೆಬೆಲ್ ಅಲಿಗೆ ಹೋಯಿತು. ಅದು ಊರಿನ ಇನ್ನೊಂದು ತುದಿ. ಅತ್ತೆಗೆ ಯಾರಾದರೂ ಹಳಬರು ಹೇಳಿ ಕಳಿಸಿದ್ದರೆ ಸುಮ್ನೆ ಹುಡುಕಬೇಡಿ.

ಊಟಕ್ಕೆ ಕರಾಮ ಬಡಾವಣೆ. ಉಡುಪಿ ಕಡೆಯ ಸಸ್ಯಾಹಾರಿ ಹೋಟೆಲ್ ಬೇಕಾದಷ್ಟಿವೆ, ಸಾರಿಗೆ ಬೆಲ್ಲ ಹಾಕಿರುತ್ತಾರೆ, ನಿಮಗೆ ಪರವಾಗಿಲ್ಲ ಅಲ್ವಾ? ಮಧ್ಯಾಹ್ನ ಅಲ್ಲೇ ಎಲ್ಲಾದರೂ ಕೂತು ಸುಧಾರಿಸಿಕೊಳ್ಳಿ. ಸಂಜೆ ನಾಲ್ಕೂವರೆಗೆ ದುಬೈ ಮಾಲ್. ಅದರ ಹೊರಗಿನ ಕಾರಂಜಿ ಕತ್ತಲಾದ ಮೇಲೆ ಅರ್ಧ ಗಂಟೆಗೊಮ್ಮೆ, ನೋಡಲು ದುಡ್ಡಿಲ್ಲ. ಅಲ್ಲಿಂದ ಬುರ್ಜ್ ಖಲೀಫಾ ಪೂರ್ತಿ ಕಾಣುತ್ತದೆ. ಮೇಲೆ ಹತ್ತಿದರೆ ಕಾಣದಿರುವುದು ಅದೊಂದೇ. ನನ್ನ ಪ್ರಕಾರ ಹತ್ತುವುದು ಬೇಡ.

ಇಬ್ಬರು ಮಕ್ಕಳ ಅಪ್ಪ:

ಉಳಿದದ್ದಕ್ಕೆಲ್ಲ ಹಳೇ ಕರಾಮ ಅವರು ಹೇಳಿದ್ದೇ ಸರಿ. ಹತ್ತುವುದು ಬೇಡ ಅಂದಿದ್ದು ಮಾತ್ರ ಒಪ್ಪುವುದಿಲ್ಲ. ಮಹಡಿಗೊಂದು ಗೆರೆ ಹಾಕುತ್ತಿರುವ ಹುಡುಗನನ್ನು ಬುಡದಲ್ಲಿ ನಿಲ್ಲಿಸಿ ವಾಪಸ್ ಕರೆದುಕೊಂಡು ಹೋಗುವುದಾ? ಐದೂ ಜನ ಹತ್ತಬೇಡಿ, ಅಪ್ಪ ಮಗ ಇಬ್ಬರೇ ಹೋಗಲಿ. 124ನೇ ಮಹಡಿಗೆ ಲಿಫ್ಟ್ ಒಂದು ನಿಮಿಷದಲ್ಲಿ ಮುಟ್ಟಿಸುತ್ತದೆ. ಕಾಯುವುದು ಮಾತ್ರ ಅದಕ್ಕಿಂತ ಎಷ್ಟೋ ಪಟ್ಟು. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಸೂರ್ಯ ಮುಳುಗುವ ಹೊತ್ತಿನದಕ್ಕೆ ದರ ಜಾಸ್ತಿ, ಅದಕ್ಕಿಂತ ಮುಂಚಿನದು ಸಾಕು.

ನನ್ನ ಮಗಳಿಗೆ ಅಲ್ಲಿ ಇಷ್ಟವಾದ ಸಂಗತಿ ಹೇಳುತ್ತೇನೆ. 828 ಮೀಟರ್ ಎತ್ತರ ಅಲ್ವಾ, ಮೇಲಿನವರಿಗೆ ಸೂರ್ಯ ಸ್ವಲ್ಪ ಹೊತ್ತು ಹೆಚ್ಚು ಕಾಣುತ್ತಾನೆ. ಹಾಗಾಗಿ ರಂಜಾನ್‌ನಲ್ಲಿ 80ನೇ ಮಹಡಿಯ ಮೇಲಿನವರು ಉಪವಾಸ ಬಿಡಲು ಎರಡು ನಿಮಿಷ ಹೆಚ್ಚು ಕಾಯಬೇಕು, 150ರ ಮೇಲಿನವರು ಮೂರು ನಿಮಿಷ. "ಹಾಗಾದರೆ ಅವರು ಲಿಫ್ಟಿನಲ್ಲಿ ಕೆಳಗೆ ಬಂದು ಊಟ ಮಾಡಬಾರದಾ?" ಎಂದು ಕೇಳಿದಳು. ಉತ್ತರ ನನ್ನಲ್ಲಿ ಇರಲಿಲ್ಲ.

ಇನ್ನೊಂದು ಮುಖ್ಯ ಮಾತು. ಮಾಲ್‌ಗೆ ಮೆಟ್ರೋದಲ್ಲಿ ಹೋಗಬೇಡಿ. ಸ್ಟೇಷನ್ ಹೆಸರಲ್ಲೇನೋ ಮಾಲ್ ಇದೆ, ಆದರೆ ಇಳಿದ ಮೇಲೆ ಗಾಜಿನ ಸೇತುವೆಯಲ್ಲಿ 800 ಮೀಟರ್‌ಗಿಂತ ಹೆಚ್ಚು ದಾರಿ. ಚಲಿಸುವ ಪಟ್ಟಿ ಇದೆ ನಿಜ, ಮಧ್ಯೆ ಮಧ್ಯೆ ಇಳಿದು ನಡೆಯಲೇಬೇಕು. ಟ್ಯಾಕ್ಸಿ ಮಾಡಿ. ಮಾಮೂಲಿ ಕಾರಿನಲ್ಲಿ ನಾಲ್ಕೇ ಜನ, ಐದನೆಯವರನ್ನು ತೊಡೆ ಮೇಲೆ ಕೂರಿಸಿಕೊಳ್ಳುವ ನಮ್ಮೂರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೊಡ್ಡ ಗಾಡಿ ಕೇಳಿ.

ಅಜ್ಮಾನ್ ಅಡುಗೆಮನೆ:

ಸುತ್ತುವ ವಿಷಯ ಅಲ್ಲ, ಆದರೂ ಹೇಳಲೇಬೇಕು. ಅತ್ತೆಯವರು ಪಾಯಸಕ್ಕೆಂದು ಗಸಗಸೆ ಕಟ್ಟಿಕೊಂಡು ಬಂದಾರು, ಬ್ಯಾಗ್ ನೋಡಿ. ಇಲ್ಲಿ ಗಸಗಸೆ ನಿಷೇಧ, ಒಂದು ಚಮಚವೂ ಬೇಡ. ಮಾವನ ಮಾತ್ರೆಗಳ ಜೊತೆ ಡಾಕ್ಟರ್ ಚೀಟಿ ಇರಲಿ. ಮೆಟ್ರೋದೊಳಗೆ ಚಕ್ಕುಲಿ ಡಬ್ಬ ತೆಗೆಯಬೇಡಿ, 100 ದಿರ್ಹಂ ದಂಡ. ನೀರು ಕುಡಿದರೂ ಅಷ್ಟೇ.

ಶಿವಮೊಗ್ಗದ ಸೊಸೆ:

ಹೋಗಿ ಬಂದೆವು. ಮೂವರಿಗೂ ದೊಡ್ಡ ಥ್ಯಾಂಕ್ಸ್. ಗಸಗಸೆ ಇತ್ತು! ಊರಿಂದ ಹೊರಡುವ ಹಿಂದಿನ ರಾತ್ರಿ ಬ್ಯಾಗ್ ಬಿಚ್ಚಿಸಿ ತೆಗೆದೆ. ಅತ್ತೆ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಮಸಾಲೆ ಮಾರುಕಟ್ಟೆಯಲ್ಲಿ ಅವರ ಕೋಪ ಇಳಿಯಿತು. ಭಾಷೆಯೇ ಬಾರದೆ ಅರ್ಧ ಗಂಟೆ ಚೌಕಾಸಿ ಮಾಡಿ ಏಲಕ್ಕಿ ಕೊಂಡರು. ಮಲೆನಾಡಿನವರು ದುಬೈಯಲ್ಲಿ ಏಲಕ್ಕಿ ಕೊಳ್ಳುವುದಾ ಎಂದು ನಾನು ಕೇಳಲಿಲ್ಲ. ಮೆಟ್ರೋದಲ್ಲಿ ನಮ್ಮ ಮನೆಯವರು ಮಾತಾಡುತ್ತಾ ನನ್ನ ಹಿಂದೆಯೇ ಹೆಂಗಸರ ಡಬ್ಬಿಗೆ ಬಂದುಬಿಟ್ಟರು. ನೆಲದ ಮೇಲೆ ಗುಲಾಬಿ ಗೆರೆ ಇದೆ, ನೋಡಿರಲಿಲ್ಲ. ಒಬ್ಬ ಹೆಂಗಸು ಸುಮ್ಮನೆ ಬೆರಳು ತೋರಿಸಿದರು, ಇವರು ಒಂದೇ ನೆಗೆತಕ್ಕೆ ಆಚೆ. ದಂಡ ಬೀಳಲಿಲ್ಲ.

ಸಂಜೆ ಅಪ್ಪ ಮಗ ಮೇಲೆ ಹೋದರು. ಅಷ್ಟರಲ್ಲಿ ನಾನು ನೀರು ತರಲು ಹೋಗಿ ಬಂದರೆ ಮಾವ ಕಾಣಲಿಲ್ಲ. ಇಪ್ಪತ್ತು ನಿಮಿಷ ಹುಡುಕಿದೆ, ಕೈಕಾಲು ತಣ್ಣಗಾಗಿತ್ತು. ಕೊನೆಗೆ ಆ ದೊಡ್ಡ ಅಕ್ವೇರಿಯಂ ಗಾಜಿನ ಎದುರು ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. "ಇಲ್ಲಿ ಟಿಕೆಟ್ ಕೇಳಲ್ಲವಂತೆ ಕಣಮ್ಮಾ, ಕೂತ್ಕೋ" ಅಂದರು.

ಆದರೆ ಹಳೇ ಕರಾಮ ಅವರೇ, ನೀವು ಹೇಳಿದ್ದೇ ಆಯಿತು. ಅಬ್ರಾದಲ್ಲಿ ಮಾವ ರೂಪಾಯಿ ಕಥೆ ಕೇಳಿಸಿಕೊಂಡರು, ಹೂಂ ಅಂದರು ಅಷ್ಟೇ. ಕಣ್ಣೆಲ್ಲ ದೋಣಿಯವನ ಮೇಲೆ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ನಾಣ್ಯ. ಜನರೇ ಕೈಯಿಂದ ಕೈಗೆ ದಾಟಿಸುತ್ತಾರೆ. ಟಿಕೆಟ್ ಇಲ್ಲ, ಪಂಚ್ ಇಲ್ಲ, ವೇ ಬಿಲ್ ಇಲ್ಲ. ಆ ದಡ ಮುಟ್ಟಿದ ಮೇಲೆ ಇಳಿಯಲೇ ಒಪ್ಪಲಿಲ್ಲ. ಇನ್ನೂ ಎರಡು ಸಲ ಹೋಗಿ ಬಂದೆವು, ಅಲ್ ಫಹೀದಿಗೆ ಹೋಗುವಷ್ಟು ಹೊತ್ತೇ ಉಳಿಯಲಿಲ್ಲ.

ಊರಿಗೆ ಬಂದು ವಾರವಾಯಿತು. ನಿನ್ನೆ ರಾತ್ರಿ ಊಟದ ನಡುವೆ ಮತ್ತೆ ಕೇಳಿದರು. ನಿಮ್ಮನ್ನೇ ಕೇಳಬೇಕಂತೆ. ಸಲಕ್ಕೆ 20 ಜನ, 20 ದಿರ್ಹಂ. ಯಾರೋ ಒಬ್ಬರು ಕೊಡದೆ ಇಳಿದರೆ ಅವನಿಗೆ ಹೇಗೆ ಗೊತ್ತಾಗುತ್ತದೆ?

ಹಳೇ ಕರಾಮ:

19 ವರ್ಷದಲ್ಲಿ ಈ ಪ್ರಶ್ನೆ ನನಗೆ ಹೊಳೆದೇ ಇಲ್ಲ. ಮುಂದಿನ ಶುಕ್ರವಾರ ಹೋಗಿ ಕೇಳಿಕೊಂಡು ಬರುತ್ತೇನೆ, ಮಾವನಿಗೆ ಹೇಳಿ.