ಹಾಸ್ಪೈಸ್ ಮನೆಭೇಟಿ: ‘ಅವರಿಗೆ ಹೇಳ್ಬೇಡಿ’ ಎನ್ನುವ ಮನೆಯಲ್ಲಿ ಕೆಲಸ ಎಲ್ಲಿಂದ ಶುರು ಮಾಡೋದು?

ಹೊಸ ಎಂಎಸ್‌ಡಬ್ಲ್ಯೂ
ಹಾಸ್ಪೈಸ್‌ನ (ಗುಣವಾಗದ ರೋಗಿಗಳಿಗೆ ಕೊನೆಗಾಲದ ಆರೈಕೆ ಕೊಡುವ ಸಂಸ್ಥೆ) ಮನೆಭೇಟಿ ತಂಡದಲ್ಲಿ ಸೋಶಿಯಲ್ ವರ್ಕರ್ ಕೆಲಸ. ಸಾಮಾನ್ಯವಾಗಿ ಎದುರಾಗುವ ಮನೆ ಹೀಗಿರುತ್ತದೆ: ಐವತ್ತು ದಾಟಿದ ಯಜಮಾನರು, ಬಾಯಿ ಕ್ಯಾನ್ಸರ್, ಹಾಸಿಗೆ ಹಿಡಿದಿದ್ದಾರೆ. ದುಡಿಯುತ್ತಿದ್ದವರು ಅವರೊಬ್ಬರೇ, ಹಣವೂ ಅವರೊಬ್ಬರ ಖಾತೆಯಲ್ಲೇ. ಸಹಿಗೆ ಕೈ ನಿಲ್ಲುವುದಿಲ್ಲ. ‘ಅವರಿಗೇನೂ ಗೊತ್ತಿಲ್ಲ, ಹೇಳ್ಬೇಡಿ’ ಎಂದು ಹೆಂಡತಿ ಬಾಗಿಲಲ್ಲೇ ಕೈ ಮುಗಿಯುತ್ತಾರೆ. ಮೊದಲು ಯಾವುದಕ್ಕೆ ಕೈ ಹಾಕಬೇಕು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಮನೆಭೇಟಿ ತಂಡ, ಮೈಸೂರು ಕಡೆ
ಆ ತಾಯಿಯ ಜೊತೆ ವಾದಕ್ಕೆ ಇಳಿಯಬೇಡಿ. ‘ಹೇಳಿದ್ರೆ ಏನಾಗುತ್ತೆ ಅಂತ ಹೆದರಿಕೆ ಅಮ್ಮಾ?’ ಎಂದು ಕೇಳಿ. ಊಟ ಬಿಡ್ತಾರೆ, ಎದೆಗುಂದ್ತಾರೆ ಎನ್ನುತ್ತಾರೆ. ಆಮೇಲೆ ಒಂದೇ ಮಾತು ಕೊಡಿ: ‘ನಾನಾಗಿ ಬಾಯಿ ಬಿಡಲ್ಲ. ಅವರೇ ಕೇಳಿದ್ರೆ ಸುಳ್ಳು ಹೇಳಲ್ಲ.’ ಇದಕ್ಕೆ ಬಹುತೇಕ ಮನೆಯವರು ಒಪ್ಪುತ್ತಾರೆ.

ನರ್ಸ್ ಗಾಯ ತೊಳೆಯುವಾಗ ಮನೆಯವರು ಒಳಗೆ ಹೋಗಿರುತ್ತಾರೆ, ಅದೇ ಸರಿಯಾದ ಹೊತ್ತು. ‘ಕಾಯಿಲೆ ಬಗ್ಗೆ ನಿಮಗೇನು ಗೊತ್ತಿದೆ? ಇನ್ನೂ ತಿಳ್ಕೋಬೇಕಾ, ಇಲ್ಲ ಮನೆಯವರ ಹತ್ರ ಮಾತಾಡಿದ್ರೆ ಸಾಕಾ?’ ಎಂದು ಕೇಳಿ. ಬಾಯಿ ಕ್ಯಾನ್ಸರ್ ಆದ್ದರಿಂದ ಮಾತು ತೊದಲುತ್ತದೆ. ನೋಟ್‌ಬುಕ್ಕು, ಪೆನ್ನು ಜೊತೆಗಿರಲಿ. ಕೈ ನಿಲ್ಲದಿದ್ದರೆ ಹೌದು–ಇಲ್ಲ ಎಂದು ತಲೆಯಾಡಿಸಿ ಉತ್ತರಿಸುವಂತೆ ಕೇಳಿ. ಎಷ್ಟೋ ಸಲ ರೋಗಿ ಆಗಲೇ ಊಹಿಸಿ, ಮನೆಯವರು ನೊಂದಾರೆಂದು ಸುಮ್ಮನಿರುತ್ತಾರೆ.

ಆದರೆ ನೋವು ತಗ್ಗದೆ ಈ ಯಾವ ಮಾತೂ ಸಾಗದು. ‘ಚಟ ಹತ್ತುತ್ತೆ’ ಎಂದು ಮನೆಯವರು ಮಾರ್ಫಿನ್ ಮಾತ್ರೆಯನ್ನು ನೋವು ಹೆಚ್ಚಾದಾಗ ಮಾತ್ರ ಕೊಡುತ್ತಾರೆ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ, ಅದಕ್ಕೇ ಗಡಿಯಾರ ನೋಡಿ ಕೊಡಬೇಕು. ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿ. ಮಲಬದ್ಧತೆಯ ಔಷಧಿ ಜೊತೆಗೇ ನಡೆಯಬೇಕು. ಅದು ತಪ್ಪಿದರೆ ಹೊಟ್ಟೆ ಕಟ್ಟಿ, ರೋಗಿಯೇ ಮಾರ್ಫಿನ್ ಬೇಡ ಎನ್ನುತ್ತಾರೆ.

ನೆಂಟರು ಬರುವುದು ನಿಂತಿದ್ದರೆ ಕಾರಣ ಹಲವು ಸಲ ಗಾಯದ ವಾಸನೆ. ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಗಾಯಕ್ಕೆ ಹಾಕುವ ಕ್ರಮವಿದೆ, ನರ್ಸ್‌ಗೆ ನೆನಪಿಸಿ. ಅದು ನರ್ಸ್ ಕೆಲಸ, ನಮ್ಮದಲ್ಲ ಎಂದು ಬಿಡಬೇಡಿ. ವಾಸನೆ ಇಳಿದರೆ ಅಣ್ಣತಮ್ಮಂದಿರು ಹತ್ತಿರ ಬಂದು ಕೂರುತ್ತಾರೆ.

ಕಾಗದಪತ್ರದ ಕಡೆಯವರು
ಹಣದ ಕೆಲಸ ಅವರಿಗೆ ಎಚ್ಚರ ಇರುವಾಗಲೇ ಆಗಬೇಕು. ಪವರ್ ಆಫ್ ಅಟಾರ್ನಿ ಇದೆಯಲ್ಲ ಎಂದು ನೆಚ್ಚಬೇಡಿ, ಸಾವಿನೊಂದಿಗೆ ಅದು ಮುಗಿಯುತ್ತದೆ. ಆಮೇಲೆ ಎಟಿಎಂ ಕಾರ್ಡ್ ಬಳಸಿ ಹಣ ತೆಗೆದರೆ ದಾಯಾದಿಗಳ ತಕರಾರು ಶುರು.

ಸಹಿ ಹಾಕಲಾಗದ ಖಾತೆದಾರರಿಗೆ ರಿಸರ್ವ್ ಬ್ಯಾಂಕ್ ದಾರಿ ಮಾಡಿದೆ: ಕೈಯ ಅಥವಾ ಕಾಲಿನ ಹೆಬ್ಬೆಟ್ಟು ಒತ್ತಬಹುದು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ. ಮ್ಯಾನೇಜರ್‌ಗೆ ಪತ್ರ ಬರೆದು, ಅಧಿಕಾರಿಯನ್ನು ಮನೆಗೇ ಕಳಿಸಲು ಕೇಳಿ. ಅದೇ ಭೇಟಿಯಲ್ಲಿ ಹೆಂಡತಿಯ ಹೆಸರು ಸೇರಿಸಿ ಖಾತೆಯನ್ನು ಜಂಟಿ ಮಾಡಿಸುವುದು, ನಾಮಿನಿ ಹಾಕಿಸುವುದು ಎರಡೂ ಮುಗಿಯಲಿ.

ಪಾಸ್‌ಬುಕ್ಕನ್ನು ಸಾಲು ಸಾಲಾಗಿ ಓದಿ. ಮೇ ಕೊನೆಗೆ 436 ರೂ. ಕಡಿತವಾಗಿದ್ದರೆ ಅದು ಜೀವನ್ ಜ್ಯೋತಿ ವಿಮೆ, ಮೊತ್ತ 2 ಲಕ್ಷ. ಐವತ್ತರೊಳಗೆ ಸೇರಿದವರಿಗೆ 55ರ ತನಕ ನಡೆಯುತ್ತದೆ. ಚಿಕಿತ್ಸೆಗೆಂದು ಖಾತೆ ಬರಿದು ಮಾಡಿದರೆ ಮುಂದಿನ ಕಂತು ಕಡಿತವಾಗದೆ ವಿಮೆ ನಿಂತುಹೋಗುತ್ತದೆ. ಕಂತಿನಷ್ಟು ಹಣ ಅಲ್ಲೇ ಇರಲಿ.

ಪಿಎಫ್ ಇದ್ದರೆ ರಾಜೀನಾಮೆ ಕೊಡಿಸಬೇಡಿ! ದುಡ್ಡು ಬಿಡಿಸಿಕೊಳ್ಳಲು ರಾಜೀನಾಮೆ ಬರೆಸುವವರು ಬಹಳ. ಕೆಲಸದಲ್ಲಿರುವಾಗ ತೀರಿಕೊಂಡರೆ ಕುಟುಂಬಕ್ಕೆ ಇಡಿಎಲ್‌ಐ (ಪಿಎಫ್ ಜೊತೆಗೇ ಇರುವ ಜೀವವಿಮೆ) ಹಣ ಬರುತ್ತದೆ, ಗರಿಷ್ಠ 7 ಲಕ್ಷ. ಈಗಿನ ಖರ್ಚಿಗೆ ಪಿಎಫ್‌ನಿಂದಲೇ ಕಾಯಿಲೆಯ ಮುಂಗಡ ಪಡೆಯಬಹುದು.

ಬಿಪಿಎಲ್ ಮನೆಯಲ್ಲಿ ದುಡಿಯುವವರು 60 ತುಂಬುವ ಮೊದಲೇ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು 20,000 ರೂ. ಇದೆ. ಅದಕ್ಕೂ ವಿಧವಾ ವೇತನಕ್ಕೂ ನಾಡಕಚೇರಿಯಲ್ಲಿ ವಿಚಾರಿಸಿ. ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್ ಮೂರರಲ್ಲೂ ಹೆಸರು ಹೊಂದುತ್ತದೆಯೇ ಈಗಲೇ ನೋಡಿ. ಒಂದರಲ್ಲಿ ‘ಗೌಡ’ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಹೊಸ ಎಂಎಸ್‌ಡಬ್ಲ್ಯೂ
ತುಂಬಾ ಉಪಕಾರ. ಕೊನೆಯ ದಿನಗಳಿಗೆ ಮನೆಯವರನ್ನು ಹೇಗೆ ಸಜ್ಜು ಮಾಡಬೇಕು? ಓದುವ ಮಕ್ಕಳಿದ್ದರೆ?

ಹಾಸ್ಪೈಸ್ ವಾರ್ಡ್
ಕತ್ತಿನ ಗಾಯ ಆಳವಾಗಿದ್ದರೆ ಒಮ್ಮೆಲೇ ರಕ್ತ ಸುರಿಯಬಹುದು. ಡಾಕ್ಟರ ಜೊತೆ ಮಾತಾಡಿಕೊಂಡು ಮನೆಯವರಿಗೆ ಮೊದಲೇ ತಿಳಿಸಿ. ಮೆರೂನ್ ಅಥವಾ ಕಡು ಬಣ್ಣದ ಟವೆಲ್ ನಾಲ್ಕೈದು ಮಂಚದ ಪಕ್ಕ ಇರಲಿ, ಬಿಳಿ ಬಟ್ಟೆಯ ಮೇಲೆ ರಕ್ತ ಕಂಡರೆ ಗಾಬರಿ ಇಮ್ಮಡಿಯಾಗುತ್ತದೆ. ಒಬ್ಬರು ಕೈ ಹಿಡಿದು ಕೂರಲಿ, ಇನ್ನೊಬ್ಬರು ತಂಡಕ್ಕೆ ಫೋನ್ ಮಾಡಲಿ. ಯಾರು ಯಾವುದು ಅನ್ನೋದು ಮೊದಲೇ ಗೊತ್ತಾಗಿರಲಿ.

ವೆಂಟಿಲೇಟರ್ ಬೇಡ ಎಂಬುದು ರೋಗಿಯ ಇಚ್ಛೆಯಾದರೆ ಬರೆಸಿಡಿ. ಸುಪ್ರೀಂ ಕೋರ್ಟಿನ 2023ರ ಆದೇಶದಂತೆ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು.

ಮಕ್ಕಳಿಗೆ ‘ಅಪ್ಪ ಊರಿಗೆ ಹೋಗ್ತಾರೆ’, ‘ನಿದ್ದೆ ಮಾಡ್ತಾರೆ’ ಎನ್ನಬೇಡಿ. ಚಿಕ್ಕವರಾದರೆ ಬಾಗಿಲು ಕಾಯುತ್ತಾರೆ, ಇಲ್ಲವೇ ಮಲಗಲು ಹೆದರುತ್ತಾರೆ. ಸಾಯ್ತಾರೆ ಎಂಬ ಮಾತನ್ನೇ ಮೆಲ್ಲಗೆ ಹೇಳಿ. ನೀರು ಕುಡಿಸೋದು, ಕಾಲು ಒತ್ತೋದು ಹೀಗೆ ಒಂದು ಕೆಲಸ ಅವರ ಪಾಲಿಗಿರಲಿ. ಪಿಯುಸಿ ಓದುವವರಾದರೆ ಮನೆಯವರ ಒಪ್ಪಿಗೆ ಪಡೆದು ಕಾಲೇಜಿಗೂ ಹೇಳಿಡಿ.

ಮನೆಯಲ್ಲೇ ತೀರಿಕೊಂಡರೆ ನೋಡುತ್ತಿದ್ದ ಡಾಕ್ಟರಿಂದ ನಮೂನೆ 4ಎ (ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ) ಪಡೆದು 21 ದಿನದೊಳಗೆ ಮರಣ ನೋಂದಣಿ ಮಾಡಿಸಿ. ಮರಣ ಪ್ರಮಾಣಪತ್ರದ ಪ್ರತಿ ಐದಾರು ಬೇಕಾಗುತ್ತವೆ: ಬ್ಯಾಂಕು, ವಿಮೆ, ಪಿಎಫ್, ನಾಡಕಚೇರಿ, ರೇಷನ್. ತಿಥಿ ಮುಗಿದು ನೆಂಟರು ಹೊರಟ ಮೇಲೆ ಒಂದು ಭೇಟಿ ಇಟ್ಟುಕೊಳ್ಳಿ, ಆ ತಾಯಿ ನಿದ್ದೆ ಮಾಡ್ತಿದ್ದಾರಾ, ಹೊತ್ತಿಗೆ ಉಣ್ತಿದ್ದಾರಾ ನೋಡಿ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ ವಾಪಸ್ ತನ್ನಿ.