ಡೀಸೆಲ್ಲೋ ಹೈಬ್ರಿಡ್ಡೋ? ಮೇಷ್ಟ್ರ ಹೊಸ ಗಾಡಿಗೆ ದಾವಣಗೆರೆ, ದುರ್ಗದವರ ಅನುಭವ

ಕೇಳಿದವರು: ಶಾಲಾ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಹನ್ನೊಂದು ವರ್ಷದ ಸ್ವಿಫ್ಟ್ ಕೊಟ್ಟು ಸ್ವಲ್ಪ ಎತ್ತರದ ಗಾಡಿ ತಗೋಬೇಕು ಅಂತಿದ್ದೇನೆ. ಮನೆಯಲ್ಲಿ ಐದು ಜನ. ನಾವಿಬ್ಬರು, ಇಬ್ಬರು ಮಕ್ಕಳು, ನಮ್ಮವ್ವ. ಅವ್ವನಿಗೆ 74 ವರ್ಷ, ಮಂಡಿ ನೋವು, ಎಲ್ಲಿ ಹೋದರೂ ವಾಕರ್ ಜೊತೆಗಿರಬೇಕು. ಶಾಲೆಗೆ ಹೋಗಿ ಬರೋದು ದಿನಕ್ಕೆ 14 ಕಿ.ಮೀ., ಎಲ್ಲಾ ಊರೊಳಗೇ. ತಿಂಗಳಿಗೆ ಎರಡು ಸಲ ಚನ್ನಗಿರಿ ಕಡೆ ನಮ್ಮ ಹಳ್ಳಿ. ಮೂರು ತಿಂಗಳಿಗೊಮ್ಮೆ ಅವ್ವನನ್ನು ಮಣಿಪಾಲಕ್ಕೆ ತೋರಿಸಿಕೊಂಡು ಬರಬೇಕು. ಹ್ಯುಂಡೈ ಕ್ರೆಟಾ ಡೀಸೆಲ್ ಆಟೊಮ್ಯಾಟಿಕ್, ಮಾರುತಿ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟಾರೂ ಇರೋದು). ಈ ಎರಡರ ನಡುವೆ ಸಿಕ್ಕಿಕೊಂಡಿದ್ದೇನೆ. ನನಗೆ ಬರೆದುಕೊಟ್ಟ ಬೆಲೆಯಲ್ಲಿ ಇಪ್ಪತ್ತು ಸಾವಿರ ಮಾತ್ರ ಫರಕು. ಓಡಿಸಿದವರು ಹೇಳಿ.

ಹರಿಹರದಿಂದ, ಹೈಬ್ರಿಡ್ ಇಟ್ಟುಕೊಂಡವರು

ಮೇಷ್ಟ್ರೇ, ನನ್ನ ಗಾಡಿ ಬಂದು ಎರಡು ವರ್ಷ ಆಯಿತು, 31 ಸಾವಿರ ಕಿ.ಮೀ. ಓಡಿದೆ. ಇವತ್ತಿಗೂ ಬೀದಿಯವರು ಕೇಳೋದು ಒಂದೇ, ಚಾರ್ಜ್ ಎಲ್ಲಿ ಹಾಕ್ತೀರಿ ಅಂತ. ಎಲ್ಲೂ ಹಾಕೋದಿಲ್ಲ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ಕಾಲು ತೆಗೆದಾಗ ಮೋಟಾರೇ ಬ್ಯಾಟರಿ ತುಂಬಿಸಿಕೊಳ್ಳುತ್ತದೆ. ಸಂಜೆ ಆರು ಗಂಟೆಗೆ ಪಿ.ಬಿ. ರಸ್ತೆಯಲ್ಲಿ ತೆವಳುವಾಗ ಎಂಜಿನ್ ಆಫ್ ಆಗಿರುತ್ತೆ, ಗಾಡಿ ಮಾತ್ರ ಮುಂದೆ ಹೋಗ್ತಿರುತ್ತೆ. ಆಮೇಲೆ ಬೇರೆ ಗಾಡಿ ಓಡಿಸೋಕೆ ಬೇಜಾರಾಗುತ್ತದೆ, ಅಷ್ಟೇ.

ಕಂಪನಿ ಹೇಳೋದು ಲೀಟರಿಗೆ 27.97 ಕಿ.ಮೀ. ನನಗೆ ಊರೊಳಗೆ 23, ಹೈವೇಯಲ್ಲಿ ನೂರರ ವೇಗದಲ್ಲಿ 19–20. ಹೌದು, ಉಲ್ಟಾ. ಹೈವೇಯಲ್ಲಿ ಬ್ರೇಕ್ ಕಡಿಮೆ, ಹಾಗಾಗಿ ಬ್ಯಾಟರಿಗೆ ಸಿಗೋದೂ ಕಡಿಮೆ. ಇನ್ನೊಂದು ಮಾತು, ಬ್ಯಾಟರಿ ಕೂತಿರೋದು ಡಿಕ್ಕಿಯ ಕೆಳಗೆ. ಅದೇ ಗಾಡಿಯ ಸಾದಾ ಪೆಟ್ರೋಲ್‌ನಲ್ಲಿ ಡಿಕ್ಕಿ 373 ಲೀಟರ್, ಹೈಬ್ರಿಡ್‌ನಲ್ಲಿ 265. ಕ್ರೆಟಾದಲ್ಲಿ 433. ನಾವು ಮೂರೇ ಜನ, ನಡೆಯುತ್ತೆ.

ಅಂದ ಹಾಗೆ, ಇದು ತಯಾರಾಗೋದು ನಮ್ಮ ಬಿಡದಿಯಲ್ಲೇ, ಟೊಯೊಟಾ ಕಾರ್ಖಾನೆಯಲ್ಲಿ. ಟೊಯೊಟಾದ ಹೈರೈಡರ್ ಇದರ ಅವಳಿ. ಅದರ ಬೆಲೆಯನ್ನೂ ಒಂದು ಸಲ ಕೇಳಿ ನೋಡಿ.

ಚಳ್ಳಕೆರೆಯಿಂದ, ಕ್ರೆಟಾ ಡೀಸೆಲ್ ಓಡಿಸುವ ಎಣ್ಣೆ ವ್ಯಾಪಾರಿ

ನಾನು ಡೀಸೆಲ್‌ನವನು, ಆದರೆ ನಿಮಗೆ ಡೀಸೆಲ್ ಬೇಡ ಅಂತಲೇ ಹೇಳೋನು.

ನನ್ನ ಓಡಾಟ ಬೇರೆ. ವಾರಕ್ಕೆ ಎರಡು ಸಲ ಬೆಂಗಳೂರು, ತಿಂಗಳಿಗೊಮ್ಮೆ ಹುಬ್ಬಳ್ಳಿ. 250 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯೋ ಬಲ, ಅಂತ ಪುಸ್ತಕದಲ್ಲಿ ಓದೋದು ಬೇರೆ. ಐದು ಜನ ಕೂತು, ಡಿಕ್ಕಿ ತುಂಬಿಕೊಂಡು, ಹಿರಿಯೂರು ದಾಟಿದ ಮೇಲೆ ಲಾರಿ ಸಾಲನ್ನು ಒಂದೇ ಉಸಿರಿಗೆ ದಾಟೋದೇ ಬೇರೆ. ಹೈವೇಯಲ್ಲಿ 18–19 ಕೊಡುತ್ತದೆ. ಆರು ಗಂಟೆ ಓಡಿಸಿ ಇಳಿದರೂ ಸೊಂಟ ಹಿಡಿಯೋದಿಲ್ಲ.

ಆದರೆ ಈಗಿನ ಬಿಎಸ್ 6 (ಹೊಗೆ ನಿಯಮದ) ಡೀಸೆಲ್ ಯಾವ ಕಂಪನಿಯದೇ ಆಗಲಿ, ಹೊಗೆ ಕೊಳವೆಯಲ್ಲಿ ಒಂದು ಮಸಿ ಫಿಲ್ಟರ್ ಇರುತ್ತದೆ. ಡಿಪಿಎಫ್ ಅಂತಾರೆ. ಮಸಿ ಅದರಲ್ಲಿ ಕೂರುತ್ತದೆ. ಎಂಜಿನ್ ಚೆನ್ನಾಗಿ ಕಾದು, ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಮಸಿ ತಾನೇ ಸುಟ್ಟುಹೋಗುತ್ತದೆ. ದಿನಾ ಏಳು ಕಿ.ಮೀ. ಹೋಗಿ ನಿಲ್ಲಿಸಿದರೆ ಅದು ಕಾಯೋದು ಯಾವಾಗ?

ನನ್ನ ಭಾಮೈದ ದಾವಣಗೆರೆಯಲ್ಲೇ ಇದ್ದಾನೆ. ಅವನದೂ ಡೀಸೆಲ್, ಬೇರೆ ಕಂಪನಿಯದು, ಹೆಸರು ಬೇಡ. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ. ಎಂಟನೇ ತಿಂಗಳಿಗೆ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಬಂತು. ಈಗ ಪ್ರತಿ ಭಾನುವಾರ ಬೆಳಿಗ್ಗೆ ಎದ್ದು, ಬೆಣ್ಣೆ ದೋಸೆ ತಿಂದು, ಹೈವೇ ಹತ್ತಿ ಹೆಬ್ಬಾಳು ಟೋಲ್ ಹತ್ತಿರದವರೆಗೆ ಹೋಗಿ ಟೋಲ್ ಬರೋ ಮುಂಚೆ ತಿರುಗಿಸಿಕೊಂಡು ಬರುತ್ತಾನೆ. ಏನೂ ಕೆಲಸ ಇಲ್ಲ. ಫಿಲ್ಟರ್ ಸುಡಲಿ ಅಂತ. ಹೆಂಡತಿ ಕೇಳಿದರೆ ವಾಕಿಂಗ್ ಅಂತ ಹೇಳ್ತಾನಂತೆ, ಗಾಡಿಗೆ.

ಮೈಲೇಜ್ ಲೆಕ್ಕಕ್ಕೂ ಜಾಸ್ತಿ ತಲೆ ಕೊಡಬೇಡಿ. ತಿಂಗಳಿಗೆ ಸಾವಿರ ಕಿ.ಮೀ. ಇಟ್ಟುಕೊಳ್ಳಿ. ಹೈಬ್ರಿಡ್ ಲೀಟರಿಗೆ 22 ಕೊಟ್ಟರೆ 45 ಲೀಟರ್ ಪೆಟ್ರೋಲ್. ಡೀಸೆಲ್ 17 ಕೊಟ್ಟರೆ 59 ಲೀಟರ್. ಡೀಸೆಲ್ ಲೀಟರಿಗೆ ಹತ್ತು ಹನ್ನೆರಡು ರೂಪಾಯಿ ಅಗ್ಗ. ಕೊನೆಗೆ ಹೈಬ್ರಿಡ್‌ನಲ್ಲಿ ಉಳಿಯೋದು ತಿಂಗಳಿಗೆ ಆರುನೂರು ಏಳುನೂರು. ಅಷ್ಟಕ್ಕೆ ಇಪ್ಪತ್ತು ಲಕ್ಷದ ನಿರ್ಧಾರ ಮಾಡ್ತೀರಾ?

ಚಿತ್ರದುರ್ಗದಿಂದ, ಟ್ಯಾಕ್ಸ್ ಫೈಲಿಂಗ್ ಮಾಡುವವರು

ಶೋರೂಂ ಬೆಲೆ ನೋಡಿ ಮೋಸ ಹೋಗಬೇಡಿ. ನಮ್ಮ ರಾಜ್ಯದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ ಶೇ. 17. ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಹದಿನೇಳು ಲಕ್ಷದ ಗಾಡಿ ಅಂದರೆ ತೆರಿಗೆಗೇ 3 ಲಕ್ಷ 20 ಸಾವಿರ ಚಿಲ್ಲರೆ. ಹತ್ತು ಲಕ್ಷ ದಾಟಿದ ಗಾಡಿಗೆ ಶೇ. 1 ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟೋ ಆದಾಯ ತೆರಿಗೆ) ಹಿಡೀತಾರೆ, ಹದಿನೇಳು ಸಾವಿರ. ಅದು ರಿಟರ್ನ್ಸ್ ಹಾಕುವಾಗ ನಿಮ್ಮ ಲೆಕ್ಕಕ್ಕೆ ಬರುತ್ತದೆ, ಬಿಡಬೇಡಿ. ಇನ್ಶೂರೆನ್ಸ್ ಹೊರಗೆ ಕೇಳಿ. ನನಗೆ ಶೋರೂಂನವರು ಹೇಳಿದ್ದಕ್ಕಿಂತ ಹೊರಗೆ 14 ಸಾವಿರ ಕಡಿಮೆ ಸಿಕ್ಕಿತು. ಮ್ಯಾಟ್, ಮಡ್‌ಫ್ಲ್ಯಾಪ್ ಅಂತ ಒಂದು ಪಟ್ಟಿ ಕೊಡ್ತಾರೆ. ಬೇಡ ಅಂದರೆ ಮುಖ ಸಣ್ಣ ಮಾಡ್ತಾರೆ, ಮಾಡಲಿ.

ಹೊನ್ನಾಳಿಯಿಂದ ಒಬ್ಬ ಅಕ್ಕ

ನೀವೆಲ್ಲ ಎಂಜಿನ್ ಬಗ್ಗೆಯೇ ಹೇಳ್ತಿದ್ದೀರಿ. ಅವ್ವನನ್ನು ಕರಕೊಂಡು ಹೋಗಿ ಕೂರಿಸಿದ್ರಾ? ನಮ್ಮತ್ತೆಗೂ ಮಂಡಿ ಆಪರೇಷನ್ ಆಗಿದೆ. ನಾವು ಹೋದಾಗ ಹಿಂದಿನ ಬಾಗಿಲು ತೆಗೆದು, ಹತ್ತಿ ಅಂದ್ವಿ ಅಷ್ಟೇ, ಏನೂ ಹೇಳಿಕೊಡಲಿಲ್ಲ. ಅತ್ತೆ ಮೊದಲು ಬೆನ್ನು ತಿರುಗಿಸಿ ಸೀಟಿಗೆ ಆನಿಕೊಂಡರು. ಆಮೇಲೆ ಒಂದೊಂದೇ ಕಾಲು ಒಳಗೆ ಎಳೆದುಕೊಂಡರು. ಸೀಟು ಅವರ ಸೊಂಟದ ಮಟ್ಟಕ್ಕಿದ್ದರೆ ಸುಲಭ. ಅದಕ್ಕಿಂತ ಎತ್ತರ ಇದ್ದರೆ ಕೈ ಹಿಡಿದು ಎಳೀಬೇಕು. ಹಿಡಿಕೆ ಕೈಗೆ ಎಟುಕುತ್ತಾ, ಬಾಗಿಲು ಪೂರ್ತಿ ತೆರೆಯುತ್ತಾ, ಎಲ್ಲ ಅಲ್ಲೇ ಗೊತ್ತಾಗುತ್ತೆ. ವಾಕರ್ ಕೂಡ ಒಯ್ಯಿರಿ. ಮಣಿಪಾಲಕ್ಕೆ ಒಯ್ಯೋ ಬ್ಯಾಗ್‌ಗಳನ್ನೂ ಒಯ್ಯಿರಿ. ನಗ್ತಾರೆ, ನಗಲಿ.

ಮಣಿಪಾಲದ ದಾರಿಯ ಆಗುಂಬೆ ಘಾಟಿ ಬಗ್ಗೆ ಒಂದು ಮಾತು. 14 ತಿರುವು ಹತ್ತುವಾಗ ಹೈಬ್ರಿಡ್ ಎಂಜಿನ್ ಜೋರಾಗಿ ಸದ್ದು ಮಾಡುತ್ತೆ, ಗಾಬರಿ ಬೇಡ, ಆ ಗೇರ್ ಇರೋದೇ ಹಾಗೆ. ಇಳಿಯುವಾಗ ಗೇರನ್ನು ಬಿ ಗೆ ಹಾಕಿ, ಗಾಡಿ ತಾನೇ ವೇಗ ಹಿಡಿದಿಟ್ಟುಕೊಳ್ಳುತ್ತೆ. ಬ್ರೇಕ್ ಅಷ್ಟು ಬಿಸಿಯಾಗೋದಿಲ್ಲ.

ಮತ್ತೆ ಚಳ್ಳಕೆರೆಯವರು

ಅಕ್ಕ ಹೇಳಿದ್ದು ಸರಿ. ಮೇಷ್ಟ್ರೇ, ಡಿಕ್ಕಿಯೂ ಬೇಕು, ಮಸಿ ಫಿಲ್ಟರ್ ಕಾಟವೂ ಬೇಡ ಅಂದರೆ ಕ್ರೆಟಾ 1.5 ಪೆಟ್ರೋಲ್ ಆಟೊಮ್ಯಾಟಿಕ್ ಯಾಕೆ ನೋಡಬಾರದು? ಊರೊಳಗೆ 11–12 ಕೊಟ್ಟೀತು. ಆದರೆ ಡೀಸೆಲ್‌ಗಿಂತ ಬೆಲೆ ಕಡಿಮೆ. ಉಳಿದ ದುಡ್ಡಿಗೆ ಪೆಟ್ರೋಲ್ ಹಾಕಿಸಿ.

ಮೇಷ್ಟ್ರು, ಹತ್ತು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಅವ್ವ, ವಾಕರ್, ಎರಡು ಸೂಟ್‌ಕೇಸ್, ಔಷಧಿ ಚೀಲ, 25 ಕೆ.ಜಿ. ಅಕ್ಕಿ ಮೂಟೆ, ಎಲ್ಲ ಹೊತ್ತುಕೊಂಡು ಎರಡೂ ಕಡೆ ಹೋದೆ. ಅಕ್ಕಿ ಮೂಟೆ ನೋಡಿ ಸೇಲ್ಸ್ ಹುಡುಗ, ಪೂಜೆಗಾ ಸರ್ ಅಂದ.

ಎರಡರಲ್ಲೂ ಅವ್ವ ಆರಾಮಾಗಿ ಕೂತರು. ಅಲ್ಲಿ ಫರಕು ಸಿಗಲಿಲ್ಲ. ಹೈಬ್ರಿಡ್ ಡಿಕ್ಕಿಯಲ್ಲಿ ವಾಕರ್ ಮಡಚಿ ಇಟ್ಟ ಮೇಲೆ ಒಂದು ಸೂಟ್‌ಕೇಸ್ ಹಿಡಿಯಿತು, ಇನ್ನೊಂದು ಹಿಡಿಯಲಿಲ್ಲ. ಐದು ಜನ ಕೂತಿರುವಾಗ ಹಿಂದಿನ ಸೀಟು ಮಡಚೋ ಹಾಗೂ ಇಲ್ಲ. ಆದರೆ ವರ್ಷಕ್ಕೆ ನಾಲ್ಕು ಸಲದ ಮಣಿಪಾಲಕ್ಕೋಸ್ಕರ ಉಳಿದ 360 ದಿನದ ಊರೊಳಗಿನ ಓಡಾಟ ಬಿಡೋದಾ ಅಂತ ನನ್ನ ಹೆಂಡತಿ ಕೇಳಿದಳು. ಸೂಟ್‌ಕೇಸ್ ಬದಲು ಮೆತ್ತನೆ ಬ್ಯಾಗ್ ತಗೊಂಡರೆ ಆಯ್ತಲ್ಲ ಅಂದಳು. ತುರುಕಿ ನೋಡಿದೆವು, ಹಿಡಿಯಿತು. ಅಕ್ಕಿ ಮೂಟೆ ಬರುವಾಗ ಮುಂದಿನ ಸೀಟಿನ ಕಾಲ ಬುಡದಲ್ಲಿ.

ಹೈಬ್ರಿಡ್ಡೇ ಬುಕ್ ಮಾಡಿದ್ದೇನೆ. ಆಷಾಢದ ರಿಯಾಯಿತಿ ಇದೆ, ಈ ತಿಂಗಳೇ ಬಿಲ್ ಮಾಡಿಸಿ ಅಂತ ಶೋರೂಂನವರು. ಆಷಾಢದಲ್ಲಿ ಗಾಡಿ ಮನೆಗೆ ಬರಕೂಡದು ಅಂತ ಅವ್ವ. ಬಿಲ್ ಈಗ, ಗಾಡಿ ಶ್ರಾವಣದ ಮೊದಲ ಸೋಮವಾರ ಅಂತ ಮಾತಾಗಿದೆ. ಬಿಲ್ ತಾರೀಖು ಅವ್ವನಿಗೆ ಇನ್ನೂ ಹೇಳಿಲ್ಲ.