ಮಾರ್ಷಲ್ ಬಚ್ಚಿಟ್ಟ ನಡೆ

ದೊಡ್ಡಪ್ಪ: ಈಗಷ್ಟೇ ಹಂಚಿಕೊಂಡ ಸಂದೇಶವನ್ನು ಎಲ್ಲರೂ ಓದಿ. 1909ರ ಚೆಸ್ ಸರಣಿಯಲ್ಲಿ ಕ್ಯೂಬಾದ ಆಟಗಾರ ಕಾಪಾಬ್ಲಾಂಕಾ ಎದುರು ಎಂಟು ಆಟ ಸೋತು ಒಂದನ್ನಷ್ಟೇ ಗೆದ್ದ ಅಮೆರಿಕದ ಫ್ರಾಂಕ್ ಮಾರ್ಷಲ್, ಸೇಡಿಗಾಗಿ ಒಂದು ನಡೆಯನ್ನು ಒಂಬತ್ತು ವರ್ಷ ಬಚ್ಚಿಟ್ಟು 1918ರಲ್ಲಿ ನ್ಯೂಯಾರ್ಕಿನಲ್ಲಿ ಅದೇ ಕಾಪಾಬ್ಲಾಂಕಾ ಎದುರು ಹೊರತೆಗೆದರು. ಆದರೂ 36 ನಡೆಗಳಲ್ಲಿ ಸೋತರು. ಬಾಯಿಪಾಠದ ಓಪನಿಂಗ್‌ಗಳನ್ನು (ಆಟದ ಆರಂಭದ ಸಿದ್ಧ ನಡೆಗಳನ್ನು) ನಂಬಬೇಡಿ ಎಂದು ನಾನು ಹೇಳುತ್ತ ಬಂದದ್ದು ಇದಕ್ಕೇ.

ಅಕ್ಕ: ದೊಡ್ಡಪ್ಪ, ಆಟ ನಿಜ, ಆದರೆ ಬಚ್ಚಿಟ್ಟ ಕಥೆಯನ್ನು ನಾನು ಒಪ್ಪಲಾರೆ. ಆ ನಡುವಿನ ವರ್ಷಗಳಲ್ಲಿ ಅದೇ ಎದುರಾಳಿಯ ಮೇಲೆ ಅದನ್ನು ಪ್ರಯೋಗಿಸುವ ಅವಕಾಶ ಮಾರ್ಷಲ್‌ ಅವರಿಗೆ ಹಲವು ಬಾರಿ ಬಂದಿತ್ತು. ಮೇಲಾಗಿ 1917ರಲ್ಲಿ ವಾಲ್ಟರ್ ಫ್ರೇರ್ ಎಂಬವರೊಡನೆ ಅವರು ಅದನ್ನೇ ಆಡಿದ್ದರು. ಸೇಡಿಗೆಂದು ಕಾದಿಟ್ಟ ಅಸ್ತ್ರವನ್ನು ಯಾರಾದರೂ ಹಿಂದಿನ ವರ್ಷವೇ ಬೇರೊಬ್ಬರ ಮೇಲೆ ಬಿಡುತ್ತಾರೆಯೇ?

ದೊಡ್ಡಪ್ಪ: ಫ್ರೇರ್ ಜೊತೆಗಿನ ಆ ಆಟ ಆಗಲೇ ಅಚ್ಚಾಗಿರಲಿಲ್ಲ ತಾನೇ? ಅಂದಮೇಲೆ ಗುಟ್ಟು ಗುಟ್ಟಾಗಿಯೇ ಇತ್ತು. ಹೋಗಲಿ, ಓಪನಿಂಗ್ ಟೊಳ್ಳೆಂಬುದನ್ನಾದರೂ ಒಪ್ಪುತ್ತೀಯೋ?

ಚಿಕ್ಕಪ್ಪ: ಅಣ್ಣ, ಅದನ್ನು ನಾನೂ ಒಪ್ಪುವುದಿಲ್ಲ. ರುಯ್ ಲೋಪೆಜ್ ಎಂಬ ಓಪನಿಂಗ್‌ನ ಎಂಟನೆಯ ನಡೆಯಲ್ಲಿ ಕಪ್ಪು ಕಾಯಿಗಳ ಆಟಗಾರ ಡಿ5 ಚೌಕಕ್ಕೆ ಕಾಲಾಳನ್ನು ನೂಕಿ, ಇ5ರಲ್ಲಿರುವುದನ್ನು ಬಲಿಕೊಟ್ಟು, ಬಿಳಿಯ ರಾಜನ ಮೇಲೆ ಏರಿ ಹೋಗುವ ಯೋಜನೆ ಸರಿಯಾಗಿಯೇ ಇದೆ. ಮಾರ್ಷಲ್ ಎಡವಿದ್ದು ಹನ್ನೊಂದನೆಯ ನಡೆಯಲ್ಲಿ, ಕುದುರೆಯನ್ನು ಎಫ್6ಕ್ಕೆ ಹಿಂದೆಗೆದಾಗ. ಸಿ6 ಆಡಿ ಅದನ್ನು ಡಿ5ರಲ್ಲೇ ಭದ್ರಪಡಿಸುವ ತಿದ್ದುಪಡಿಯನ್ನು ಮುಂದೆ ಅವರೇ ಕಂಡುಕೊಂಡರು. 1965ರಲ್ಲಿ ಸೋವಿಯತ್ ಆಟಗಾರ ತಾಲ್ ಎದುರು ಅದೇ ದೇಶದ ಸ್ಪಾಸ್ಕಿ ನೆಚ್ಚಿಕೊಂಡದ್ದೂ ಈ ಓಪನಿಂಗನ್ನೇ. ಇಂದು ಗ್ರ್ಯಾಂಡ್‌ಮಾಸ್ಟರ್‌ಗಳು ಬಿಳಿಯಲ್ಲಿ ಎ4 ಅಥವಾ ಎಚ್3 ಆಡಿ ಇದರಿಂದ ತಪ್ಪಿಸಿಕೊಳ್ಳುತ್ತಾರೆ. (ನಾನೂ ಎ4 ಆಡುವವನೇ, ಧೈರ್ಯದ ಮಾತು ಬೇರೆ.)

ದೊಡ್ಡಪ್ಪ: 1918ರ ಆಟದ ಹದಿನೈದನೆಯ ನಡೆಯಲ್ಲಿ ಮಾರ್ಷಲ್‌ ಅವರ ಕುದುರೆ ಎಫ್2ರ ಕಾಲಾಳನ್ನು ಹೊಡೆದದ್ದನ್ನು ನೋಡಿ. ಬಿಳಿಯ ರಾಣಿಯಿಂದ ಆ ಕುದುರೆಯನ್ನು ಹೊಡೆದರೆ ಕಪ್ಪು ಒಂಟೆ ಎಚ್2ರಲ್ಲಿ ಚೆಕ್ ಕೊಟ್ಟು, ರಾಜ ಎಫ್1ಕ್ಕೆ ಸರಿದೊಡನೆ ಜಿ3ಕ್ಕೆ ಬಂದು ರಾಣಿಯ ಮೇಲೆ ಬೀಳುತ್ತದೆ. ಕಾಪಾಬ್ಲಾಂಕಾ ಆ ಬಲೆಗೆ ಬೀಳದೆ ಆನೆಯನ್ನು ಇ2ಕ್ಕೆ ಇಟ್ಟರು. ಆಮೇಲೆ ರಾಜನನ್ನು ಬೋರ್ಡಿನ ನಡುವಿನಿಂದಲೇ ಸಿ2ರವರೆಗೆ ನಡೆಸಿಕೊಂಡು ಹೋದರು. ಎದುರಾಳಿಗೆ ಈ ದಾಳಿಯ ಎಲ್ಲ ದಾರಿಗಳೂ ಗೊತ್ತಿರುತ್ತವೆಂದು ತಿಳಿದೇ ಇ5ರ ಕಾಲಾಳನ್ನು ಹೊಡೆದೆನೆಂದು ಕಾಪಾಬ್ಲಾಂಕಾ ಅವರೇ ಬರೆದಿದ್ದಾರೆ.

ಅಕ್ಕ: ಅದರ ಬಗ್ಗೆ ನನಗೆ ತಕರಾರಿಲ್ಲ, ದೊಡ್ಡಪ್ಪ. ಸಂದೇಶದಿಂದ ‘ಒಂಬತ್ತು ವರ್ಷ’ವನ್ನು ತೆಗೆದು ಮತ್ತೊಮ್ಮೆ ಕಳುಹಿಸಿ.

ದೊಡ್ಡಪ್ಪ: ತೆಗೆಯುವುದಿಲ್ಲ. ಬೇಕಾದರೆ ಕೊನೆಯಲ್ಲಿ ‘ಎನ್ನುತ್ತಾರೆ’ ಎಂದು ಸೇರಿಸುತ್ತೇನೆ.